ಕೂಲಿಯವನ ಕೈಗೆ ದೋಣಿ

(ನಾಸಿಕದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಗೋದಾವರಿಯ ದಂಡೆಯ ಮೇಲೆ ಮಾತಿಗೆ ನಿಂತ ಕನ್ನಡಿಗ ಮೊದಲು ಕವಿರಾಜಮಾರ್ಗವನ್ನು ನೆನೆಯಬೇಕು ಎಂಬುದು ಹೆಚ್ಚುಕಡಿಮೆ ಕಟ್ಟಳೆಯೇ ಆಗಿಬಿಟ್ಟಿದೆ. ಕಾವೇರಿಯಿಂದ ಈ ಹೊಳೆಯವರೆಗೆ ಕನ್ನಡ ನಾಡು ಹಬ್ಬಿತ್ತು ಎಂಬ ಮಾತನ್ನು ನೀವು ಪ್ರತಿ ನವೆಂಬರಿನಲ್ಲೂ ಕೇಳಿಸಿಕೊಂಡಿದ್ದೀರಿ, ಚಪ್ಪಾಳೆಯನ್ನೂ ತಟ್ಟಿದ್ದೀರಿ. ಇವತ್ತು ಅದನ್ನು ಬಿಡೋಣ. ನಾನು ಹೇಳಬೇಕೆಂದಿರುವುದು ಈ ಜಿಲ್ಲೆಯವರೇ ಆದ ಒಬ್ಬರ ವಿಷಯ. ಇಲ್ಲಿಂದ ಆಗ್ರಾ ರಸ್ತೆ ಹಿಡಿದು, ಓಝರ್ ದಾಟಿ, ಪಿಂಪಳಗಾಂವ್ ದಾಟಿ ಸುಮಾರು 65 ಕಿ.ಮೀ. ಹೋದರೆ ಚಾಂದವಡ ಸಿಗುತ್ತದೆ. ಆ ತಾಲ್ಲೂಕಿನ ತಳೇಗಾಂವ್ ರೋಹಿ ಎಂಬ ಹಳ್ಳಿಯ ದತ್ತು ಬಬನ್ ಭೋಕನಳ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ರೋಯಿಂಗ್‌ಗೆ ಹೋಗಿದ್ದವರು ಇವರೊಬ್ಬರೇ. ಎಚ್‌ಎಎಲ್ ನೌಕರಿಗೆಂದು ಬೆಂಗಳೂರಿನಿಂದ ಓಝರಿಗೆ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಚಾಂದವಡದ ಘಾಟಿಯನ್ನು ಎಷ್ಟೋ ಸಲ ಹತ್ತಿ ಇಳಿದಿದ್ದೀರಿ. ಆ ಒಣ ಗುಡ್ಡಗಳ ನಡುವಿನಿಂದ ಒಬ್ಬ ದೋಣಿಗಾರ ಬಂದ ಎಂದರೆ ನಂಬುವುದು ನಿಮಗೇ ಕಷ್ಟವಾದೀತು.

ಸಂಘಟಕರು ನನಗೆ ಕೊಟ್ಟ ವಿಷಯ ‘ಕ್ರೀಡೆ ಮತ್ತು ಸ್ಫೂರ್ತಿ’. ಕ್ರೀಡೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತೇನೆ. ಸ್ಫೂರ್ತಿಯ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಡವರ ಮನೆಯ ಹುಡುಗ ಗೆದ್ದ ಕೂಡಲೇ ನಾವು ಅವನ ಛಲವನ್ನು ಹೊಗಳುತ್ತೇವೆ, ಮನೆಯ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತೇವೆ, ಅಲ್ಲಿಗೆ ಮುಗಿಸುತ್ತೇವೆ. ಅವನಿಗೆ ದೋಣಿ ಕೊಟ್ಟವರು ಯಾರು, ಅವನು ತಿಂದ ಅನ್ನ ಎಲ್ಲಿಂದ ಬಂತು, ಅವನ ಜೊತೆಗೇ ಬಾವಿ ತೋಡುತ್ತಿದ್ದ ಉಳಿದ ಹುಡುಗರು ಎಲ್ಲಿ ಹೋದರು ಎಂದು ಕೇಳುವುದಿಲ್ಲ. ದತ್ತು ಅವರ ಕಥೆಯನ್ನು ಆ ಕಡೆಯಿಂದ ನೋಡಬೇಕೆಂಬುದು ನನ್ನ ಆಸೆ.

ದತ್ತು ಹುಟ್ಟಿದ್ದು 1991ರ ಏಪ್ರಿಲ್ 5ರಂದು. ತಂದೆ ಬಬನ್ ಬಾವಿ ತೋಡುವ ಕೂಲಿ. ಈ ಕಡೆಯ ನೆಲದಲ್ಲಿ ಬಾವಿ ತೋಡುವುದೆಂದರೆ ಏನು ಅಂತ ಕೃಷಿ ಇಟ್ಟುಕೊಂಡ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಮೇಲೆ ಒಂದಷ್ಟು ಕಪ್ಪು ಮಣ್ಣು, ಅದರಡಿ ಮುರುಮ್, ಆಮೇಲೆ ಕರಿಕಲ್ಲು. ದಖ್ಖನ್ನಿನ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಬಸಾಲ್ಟ್. ಹಾರೆ ಅದಕ್ಕೆ ಏನೂ ಮಾಡಲಾರದು. ತೂತು ಕೊರೆದು ಮದ್ದು ತುಂಬಿ ಸಿಡಿಸಬೇಕು, ಹೊಗೆ ಅಡಗಿದ ಮೇಲೆ ಇಳಿದು ಚೂರಾದ ಕಲ್ಲನ್ನು ಬುಟ್ಟಿಗೆ ತುಂಬಬೇಕು, ಮತ್ತೆ ಕೊರೆಯಬೇಕು. ಇದೇ ಕಲ್ಲಿನಲ್ಲಿ, ಇಲ್ಲಿಂದ ಪೂರ್ವಕ್ಕೆ ಛತ್ರಪತಿ ಸಂಭಾಜಿನಗರದ ಹತ್ತಿರ ಎಲ್ಲೋರದಲ್ಲಿ, ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ಕೈಲಾಸ ದೇವಾಲಯವನ್ನು ಕಡೆದರು. ಶಿಖರದಿಂದ ಶುರು ಮಾಡಿ ಕೆಳಗಿಳಿಯುತ್ತ, ಬಾವಿ ತೋಡಿದ ಹಾಗೆಯೇ. ಕೃಷ್ಣನ ಹೆಸರು ಉಳಿಯಿತು. ಉಳಿ ಹಿಡಿದವರದು ಉಳಿಯಲಿಲ್ಲ. ಇರಲಿ, ಅದು ಬೇರೆ ಉಪನ್ಯಾಸ.

ಐದನೆಯ ತರಗತಿಯ ಹೊತ್ತಿಗಾಗಲೇ ಹುಡುಗ ತಂದೆಯ ಜೊತೆ ಕೂಲಿಗೆ ಹೋಗತೊಡಗಿದ್ದ. ಬಾವಿ ಕೆಲಸ ಇಲ್ಲದಾಗ ಹೊಲದ ಕೆಲಸ, ಮದುವೆ ಮನೆಗಳಲ್ಲಿ ಬಡಿಸುವ ಕೆಲಸ, ಟ್ರ್ಯಾಕ್ಟರ್ ಓಡಿಸುವ ಕೆಲಸ. ನಡುವೆ ಶಾಲೆ ಬಿಟ್ಟ. ಆಮೇಲೆ ರಾತ್ರಿ ಪೆಟ್ರೋಲ್ ಪಂಪಿನಲ್ಲಿ ದುಡಿಯುತ್ತ ಮತ್ತೆ ಶಾಲೆಗೆ ಸೇರಿದ. 2011ರ ಡಿಸೆಂಬರಿನಲ್ಲಿ ತಂದೆ ಮೂಳೆಯ ಕ್ಯಾನ್ಸರಿನಿಂದ ತೀರಿಕೊಂಡರು. ಮನೆಗೆ ಹಿರಿಯ ಮಗ. 2012ರಲ್ಲಿ ಸೈನ್ಯಕ್ಕೆ ಸೇರಿದ. ಇದನ್ನು ದೇಶಪ್ರೇಮವೆಂದು ಬಣ್ಣಿಸುವವರಿದ್ದಾರೆ, ಬೇಡವೆನ್ನಲಾರೆ. ಆದರೆ ತಿಂಗಳ ಮೊದಲಲ್ಲಿ ಸಂಬಳ ಬರುವ ಕೆಲಸ ಎಂಬುದೇ ಅಂಥ ಮನೆಗೆ ಏನು ಅಂತ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ಸೇನಾ ಭರ್ತಿಗೆ ರಾತ್ರಿಯಿಡೀ ಮೈದಾನದ ಹೊರಗೆ ಕಾಯುವ ಹುಡುಗರನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವರು ಸೇರಿದ್ದು ಪುಣೆಯ ಖಡಕಿಯ ಬಾಂಬೆ ಎಂಜಿನಿಯರ್ ಗ್ರೂಪ್‌ಗೆ. ಅಲ್ಲಿ ಕುದ್ರತ್ ಅಲಿ ಎಂಬ ತರಬೇತುದಾರರ ಕಣ್ಣಿಗೆ ಈ ಎತ್ತರದ ಹುಡುಗ ಬಿದ್ದ. ರೋಯಿಂಗ್‌ಗೆ ಎತ್ತರ ಬೇಕು. ಕೈ ಉದ್ದವಿದ್ದಷ್ಟೂ ಹುಟ್ಟು ನೀರಿನಲ್ಲಿ ಹೆಚ್ಚು ದೂರ ಸಾಗುತ್ತದೆ. ದತ್ತು ಅಂಥ ದೋಣಿಯನ್ನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ನೀರೆಂದರೆ ಭಯವೂ ಇತ್ತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನವನಿಗೆ ಈಜು ಎಲ್ಲಿಂದ ಬರಬೇಕು?

ಈಗ ಆಟದ ಬಗ್ಗೆ ಎರಡು ಮಾತು. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ. ನಮಗೆ ಗೊತ್ತಿರುವುದು ತುಂಗಭದ್ರೆಯ ಹರಿಗೋಲು, ಕರಾವಳಿಯ ದೋಣಿ, ಕೇರಳದ ಹಾವುದೋಣಿ. ದತ್ತು ಅವರ ಸ್ಪರ್ಧೆ ‘ಸಿಂಗಲ್ ಸ್ಕಲ್ಸ್’. ಒಂದು ದೋಣಿ, ಒಬ್ಬನೇ ಮನುಷ್ಯ, ಎರಡು ಕೈಗೆ ಎರಡು ಹುಟ್ಟು. ದೋಣಿ ಎಂಟು ಮೀಟರಿಗಿಂತ ಉದ್ದ, ಕೂತವನ ಸೊಂಟದಷ್ಟೇ ಅಗಲ, ತೂಕ ಕನಿಷ್ಠ 14 ಕೆ.ಜಿ. ಇರಬೇಕೆಂಬುದು ನಿಯಮ. ಅಂದರೆ ಒಂದು ಗ್ಯಾಸ್ ಸಿಲಿಂಡರಿನೊಳಗಿನ ಅನಿಲದಷ್ಟು ಭಾರ. ಒಂದು ಹುಟ್ಟು ತಪ್ಪಿದರೆ ನೀರಿಗೆ. ಕೂರುವ ಪೀಠ ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ನೋಡುವವರಿಗೆ ತೋಳಿನ ಆಟ ಎನಿಸಿದರೂ ದೋಣಿಯನ್ನು ತಳ್ಳುವುದು ಹೆಚ್ಚಾಗಿ ಕಾಲು. ಮಂಡಿ ಮಡಚಿ, ಕಾಲೊದ್ದು, ಬೆನ್ನು ಹಿಂದಕ್ಕೆ ಬಿಟ್ಟು, ಕೊನೆಗೆ ತೋಳಿನಿಂದ ಎಳೆಯಬೇಕು. ನಿಮಿಷಕ್ಕೆ ಮೂವತ್ತಕ್ಕೂ ಹೆಚ್ಚು ಸಲ, ಏಳು ನಿಮಿಷದಷ್ಟು ಹೊತ್ತು, 2,000 ಮೀಟರ್. ಓಡುವವನು ಮಧ್ಯೆ ಕಾಲು ಹಗುರ ಮಾಡಬಹುದು, ಇಲ್ಲಿ ಅದಕ್ಕೆ ಎಡೆಯಿಲ್ಲ. ಗುರಿಗೆ ಬೆನ್ನು ಹಾಕಿ ಕೂತಿರುತ್ತಾರೆ ಎಂಬುದರಿಂದ ತತ್ವ ತೆಗೆಯುವವರಿದ್ದಾರೆ, ನಾನು ತೆಗೆಯುವುದಿಲ್ಲ. ಹಾಗೆ ಕೂತರೆ ಕಾಲಿನ ಬಲ ಚೆನ್ನಾಗಿ ಸಿಗುತ್ತದೆ, ಅಷ್ಟೇ.

ಬಾವಿಯ ತಳದಲ್ಲಿ ಬಗ್ಗಿ ಕಲ್ಲು ತುಂಬಿದ ಬುಟ್ಟಿಯನ್ನು ಕಾಲೂರಿ ಎತ್ತುವವನ ದೇಹಕ್ಕೂ ಈ ಆಟ ಕೇಳುವ ದೇಹಕ್ಕೂ ಬಹಳ ಅಂತರವಿಲ್ಲ ಎಂದು ನಿಮಗೀಗ ಹೊಳೆದಿರಬಹುದು. ಹಾಗಿದ್ದರೆ ಜಗತ್ತಿನಲ್ಲಿ ಕೂಲಿಯವರೇ ಈ ಆಟವನ್ನು ಆಳಬೇಕಿತ್ತಲ್ಲ? ಹಾಗಾಗಲಿಲ್ಲ. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣ ಬಹಳ ಕಾಲ ಲಿಖಿತವಾಗಿಯೇ ಇತ್ತು.

ಇಂಗ್ಲೆಂಡಿನ ಥೇಮ್ಸ್ ನದಿಯ ಮೇಲಿನ ಹೆನ್ಲಿ ಈ ಆಟದ ಕಾಶಿ. 1879ರಲ್ಲಿ ಅಲ್ಲಿಯ ಹಿರಿಯರು ‘ಹವ್ಯಾಸಿ’ ಯಾರೆಂದು ಬರೆದಿಟ್ಟರು. ಹಣಕ್ಕಾಗಿ ಸ್ಪರ್ಧಿಸಿದವನು ಹವ್ಯಾಸಿಯಲ್ಲ ಎಂಬುದು ಸರಿಯೇ. ಅಷ್ಟಕ್ಕೇ ನಿಲ್ಲಿಸದೆ, ಕೂಲಿಗಾಗಿ ಮೆಕ್ಯಾನಿಕ್ ಕೆಲಸ, ಕುಶಲಕರ್ಮ, ಮೈಕೈ ದುಡಿಮೆ ಮಾಡುವವನು ಅಥವಾ ಹಿಂದೆ ಎಂದಾದರೂ ಮಾಡಿದವನು ಕೂಡ ಹವ್ಯಾಸಿಯಲ್ಲ ಎಂದರು. ದೋಣಿಗೂ ಆ ಕೆಲಸಕ್ಕೂ ಸಂಬಂಧವಿರಬೇಕೆಂದೇನಿಲ್ಲ. ಇಟ್ಟಿಗೆ ಕಟ್ಟುತ್ತಿದ್ದರೂ ಸಾಕು, ಬಾಗಿಲು ಮುಚ್ಚಿತು. ದುಡಿದು ಗಟ್ಟಿಯಾದ ದೇಹದವರು ಬಂದರೆ ಸಾಹೇಬರ ಮಕ್ಕಳಿಗೆ ಕಷ್ಟ ಎಂಬ ಅಳುಕು ಅದರ ಹಿಂದೆ ಇತ್ತೆಂದು ಹೇಳುವವರಿದ್ದಾರೆ. ನನಗೆ ಅದು ನಿಜವೆನಿಸುತ್ತದೆ. ಜೊತೆಗೆ ಕೈಕೆಲಸದವರನ್ನು ಕೀಳಾಗಿ ಕಾಣುವ ದೃಷ್ಟಿಯೂ ಇತ್ತು. ನಮ್ಮಲ್ಲಿ ಕೆರೆ ಬಾವಿಗಳನ್ನು ತೋಡಿಸಿಕೊಂಡು, ನೀರು ಬಂದ ಮೇಲೆ ತೋಡಿದವರನ್ನೇ ಅದರಿಂದ ದೂರ ಇಟ್ಟ ಉದಾಹರಣೆಗಳನ್ನು ಬಲ್ಲ ನಾವು ಇಂಗ್ಲಿಷರನ್ನು ಕಂಡು ನಗುವಂತೇನೂ ಇಲ್ಲ.

ಈ ನಿಯಮಕ್ಕೆ ಸಿಕ್ಕಿದ ಅತಿ ಪ್ರಸಿದ್ಧ ಮನುಷ್ಯ ಫಿಲಡೆಲ್ಫಿಯದ ಜಾನ್ ಕೆಲ್ಲಿ, ಇಟ್ಟಿಗೆ ಕೆಲಸದ ಗಾರೆಯವನು. 1920ರಲ್ಲಿ ಹೆನ್ಲಿಯ ಡೈಮಂಡ್ ಸ್ಕಲ್ಸ್ ಸ್ಪರ್ಧೆಗೆ ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಅವರ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೊಂದಿತ್ತು ಎಂಬುದು ಒಂದು ಕಾರಣ, ಅವರು ಕೈಕೆಲಸದವರು ಎಂಬುದು ಇನ್ನೊಂದು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್‌ರನ್ನು ಹಿಂದೆ ಹಾಕಿ ಸಿಂಗಲ್ ಸ್ಕಲ್ಸ್ ಚಿನ್ನ ಗೆದ್ದರು. ಸಿನಿಮಾ ನೋಡುವವರಿಗಾಗಿ ಹೇಳುತ್ತೇನೆ, ನಟಿ ಗ್ರೇಸ್ ಕೆಲ್ಲಿಯ ತಂದೆ ಇವರೇ. 1947ರಲ್ಲಿ ಅವರ ಮಗ ಅದೇ ಹೆನ್ಲಿಗೆ ಹೋಗಿ ಅದೇ ಡೈಮಂಡ್ ಸ್ಕಲ್ಸ್ ಗೆದ್ದು ಬಂದ. ಅಷ್ಟರಲ್ಲಿ ನಿಯಮ ಹೋಗಿತ್ತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಆಸ್ಟ್ರೇಲಿಯದ ತಂಡವನ್ನು ಅದರಲ್ಲಿದ್ದವರು ಪೊಲೀಸರು ಎಂಬ ಕಾರಣಕ್ಕೆ ಹೆನ್ಲಿಯವರು ಹೊರಗಿಟ್ಟರು. ದೊಡ್ಡ ಗಲಾಟೆಯಾಗಿ ಮರುವರ್ಷ ಕೈಕೆಲಸದ ಷರತ್ತನ್ನು ತೆಗೆದುಹಾಕಿದರು.

ಭಾರತಕ್ಕೆ ಈ ಆಟ ಬಂದದ್ದೂ ಸಾಹೇಬರ ಕ್ಲಬ್ಬುಗಳ ಮೂಲಕವೇ. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದ್ದು, ಮದ್ರಾಸ್ ಬೋಟ್ ಕ್ಲಬ್ 1867ರದ್ದು. ಪುಣೆಯಲ್ಲೂ ಅಂಥದೊಂದು ಕ್ಲಬ್ ಇತ್ತು. ಅಲ್ಲಿ ಕೂಲಿಯವನಿಗೆ ಕೆಲಸವಿತ್ತು, ದೋಣಿ ತೊಳೆದು ಒರೆಸಿ ದೋಣಿಮನೆಗೆ ಸೇರಿಸುವ ಕೆಲಸ. ದತ್ತು ಅವರ ತಂದೆ ಹಾಗೂ ಸ್ವತಃ ದತ್ತು 1879ರ ಷರತ್ತಿನ ಪ್ರಕಾರ ಅಕ್ಷರಶಃ ಅನರ್ಹರು. ಷರತ್ತು ಕಾಗದದಿಂದ ಹೋದ ಮೇಲೂ ಬಹಳ ಕಾಲ ಬೇರೆ ರೂಪದಲ್ಲಿ ಬದುಕಿತ್ತು, ಬೆಲೆಯ ರೂಪದಲ್ಲಿ. ಒಂದು ಒಳ್ಳೆಯ ಸಿಂಗಲ್ ಸ್ಕಲ್ ದೋಣಿಗೆ ಲಕ್ಷಗಟ್ಟಲೆ ರೂಪಾಯಿ. ಎರಡು ಕಿ.ಮೀ. ನೆಟ್ಟಗಿನ, ಅಲೆಯಿಲ್ಲದ ನೀರು ಬೇಕು. ಚಾಂದವಡದ ಯಾವ ಕೂಲಿಗಾರನ ಮಗ ಇದನ್ನು ಹೊಂದಿಸಿಯಾನು?

ನೀರಿನ ಮಾತು ಬಂದಿತು, ಸ್ವಲ್ಪ ಅತ್ತ ತಿರುಗುತ್ತೇನೆ. ಈ ಜಿಲ್ಲೆಗೆ ನೀರಿಲ್ಲವೆಂದಲ್ಲ. ತ್ರ್ಯಂಬಕೇಶ್ವರದ ಮೇಲೆ ಸುರಿಯುವ ಮಳೆ ಗಂಗಾಪುರ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಉಳಿದದ್ದು ಹರಿದು ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿಗೆ ಸೇರುತ್ತದೆ. 1976ರಲ್ಲಿ ಉದ್ಘಾಟನೆಯಾದ ಆ ಅಣೆಕಟ್ಟಿನ ಹಿಂದಿನ ನಾಥಸಾಗರದಲ್ಲಿ ನೂರು ಟಿಎಂಸಿಯಷ್ಟು ನೀರು ನಿಲ್ಲಬಲ್ಲದು. ಸಂತ ಏಕನಾಥರ ಹೆಸರಿನ ಆ ಸಾಗರದ ಸುತ್ತ ಇರುವುದು ಮಾತ್ರ ಮರಾಠವಾಡದ ಬರ. ಅಕ್ಟೋಬರ್ ಮಧ್ಯದ ಹೊತ್ತಿಗೆ ಜಾಯಕವಾಡಿಯಲ್ಲಿ ಶೇ. 65ರಷ್ಟು ನೀರಿಲ್ಲದಿದ್ದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳವರು ನೀರು ಬಿಡಬೇಕು ಎಂದು ರಾಜ್ಯದ ಜಲ ಪ್ರಾಧಿಕಾರ 2014ರಲ್ಲಿ ಆದೇಶಿಸಿತು. ಬಿಡುವ ಹೊತ್ತಿಗೆ ಪ್ರತಿಸಲ ಇಲ್ಲಿ ಪ್ರತಿಭಟನೆ. ಕಾವೇರಿ ಕಂಡವರಿಗೆ ಇದು ಹೊಸತಲ್ಲ, ಅಲ್ಲಿ ಎರಡು ರಾಜ್ಯ, ಇಲ್ಲಿ ಒಂದೇ ರಾಜ್ಯದ ಎರಡು ಭಾಗ. ಚಾಂದವಡ ಇದೇ ಜಿಲ್ಲೆಯಲ್ಲಿದ್ದೂ ಸಹ್ಯಾದ್ರಿಯ ಮಳೆನೆರಳಿಗೆ ಸೇರಿದ್ದು, ಬಾಳಿನಲ್ಲಿ ಮರಾಠವಾಡದ ನೆಂಟ. ಇಷ್ಟು ನೀರಿರುವ ಜಿಲ್ಲೆಯಲ್ಲಿ ಬೆಳೆದ ಹುಡುಗನಿಗೆ ದೋಣಿ ನಡೆಸಲು ನೀರು ಸಿಕ್ಕಿದ್ದು ಪುಣೆಯ ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ, ಆರ್ಮಿ ರೋಯಿಂಗ್ ನೋಡ್ ಎಂಬ ತರಬೇತಿ ಕೇಂದ್ರದಲ್ಲಿ. ನೀರಷ್ಟೇ ಅಲ್ಲ, ದೋಣಿ, ಹುಟ್ಟು, ಎರಡು ಹೊತ್ತು ಅಭ್ಯಾಸ ತಾಳಬಲ್ಲಷ್ಟು ಊಟ, ವೈದ್ಯರು, ಸಂಬಳ. ಊರಿನಲ್ಲಿ ಅವರ ಮೈಯೊಳಗಿದ್ದ ಬಲ ಬದಲಾಗಿರಲಿಲ್ಲ. ಅದರ ಸುತ್ತ ಇದ್ದದ್ದೆಲ್ಲ ಬದಲಾಯಿತು.

ಮುಂದಿನದು ಬಲು ಬೇಗ ನಡೆಯಿತು. 2014ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಎರಡು ಚಿನ್ನ. 2015ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಸಿಂಗಲ್ ಸ್ಕಲ್ಸ್ ಬೆಳ್ಳಿ. 2016ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯದ ಚುಂಗ್ಜುವಿನಲ್ಲಿ ಏಷ್ಯಾ-ಓಷಿಯಾನಿಯಾ ಅರ್ಹತಾ ಸ್ಪರ್ಧೆ. ಮೊದಲ ಏಳು ಮಂದಿಗೆ ಒಲಿಂಪಿಕ್ಸ್ ಟಿಕೆಟ್ಟು. ದತ್ತು ಎರಡನೆಯವರಾಗಿ ಬಂದರು. ದೋಣಿ ಮುಟ್ಟಿ ನಾಲ್ಕು ವರ್ಷವಾಗಿತ್ತು ಅಷ್ಟೇ.

ಆ ದಿನಗಳಲ್ಲೇ ಮನೆಯಲ್ಲಿ ತಾಯಿ ಆಶಾ ಅವರು ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದರು. ನೆನಪು ಹೋಗಿತ್ತು. ಮಗ ಒಲಿಂಪಿಕ್ಸ್‌ಗೆ ಹೋಗುತ್ತಿದ್ದಾನೆ ಎಂದರೆ ಅದೇನೆಂದು ಅರಿಯುವ ಸ್ಥಿತಿಯಲ್ಲಿರಲಿಲ್ಲ, ಕೆಲವೊಮ್ಮೆ ಮಗನನ್ನೇ ಗುರುತಿಸುತ್ತಿರಲಿಲ್ಲ. ಪತ್ರಿಕೆಗಳು ಇದನ್ನು ಬಹಳ ಹಿಂಜಿ ಬರೆದವು. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಒಬ್ಬ ಮಗನ ಅಳುವಿನಿಂದ ಉಳಿದವರಿಗೆ ಸ್ಫೂರ್ತಿ ಬರಬೇಕು ಎಂಬ ನಿರೀಕ್ಷೆ ನನಗೆ ಅಷ್ಟು ಸಭ್ಯವಾಗಿ ಕಾಣುವುದಿಲ್ಲ. ಅವರು ಅಭ್ಯಾಸ ಬಿಡಲಿಲ್ಲ ಎಂಬುದು ನಿಜ. ಬಿಟ್ಟು ಊರಿಗೆ ಹೋಗಿ ಕೂತಿದ್ದರೆ ತಾಯಿಯ ಔಷಧಕ್ಕೆ ಹಣ ಬರುತ್ತಿತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು. ಬಡವರ ಮನೆಗಳಲ್ಲಿ ದುಡಿಮೆ ಬಿಡದಿರುವುದನ್ನು ಛಲ ಎಂದು ಯಾರೂ ಕರೆಯುವುದಿಲ್ಲ, ಅದು ದಿನಚರಿ.

ರಿಯೊ. ಕ್ರಿಸ್ತನ ದೊಡ್ಡ ಪ್ರತಿಮೆಯ ಬುಡದಲ್ಲಿರುವ ಲಗೋವಾ ಸರೋವರ. ಆ ವಾರ ಗಾಳಿ ಎಷ್ಟಿತ್ತೆಂದರೆ ಕೆಲವು ದಿನದ ಸ್ಪರ್ಧೆಗಳನ್ನೇ ಮುಂದೂಡಿದರು. ಸಿಂಗಲ್ ಸ್ಕಲ್ಸ್‌ಗೆ 32 ದೇಶಗಳ 32 ಮಂದಿ. ಮೊದಲ ಸುತ್ತಿನಲ್ಲಿ ಕ್ಯೂಬಾದ ಏಂಜೆಲ್ ಫೋರ್ನಿಯರ್, ಮೆಕ್ಸಿಕೊದ ಹ್ವಾನ್ ಕಾರ್ಲೋಸ್ ಕಬ್ರೇರಾ ಅವರ ಹಿಂದೆ ಮೂರನೆಯವರಾಗಿ ದತ್ತು ಕ್ವಾರ್ಟರ್ ಫೈನಲ್ ಸೇರಿದರು. ಅಲ್ಲಿ 6 ನಿಮಿಷ 59.89 ಸೆಕೆಂಡಿನಲ್ಲಿ ನಾಲ್ಕನೆಯವರು. ಮೂವರಿಗೆ ಮಾತ್ರ ಪದಕದ ದಾರಿ ತೆರೆದಿತ್ತು.

ನಮ್ಮ ಬಹುತೇಕ ಪತ್ರಿಕೆಗಳಲ್ಲಿ ಕಥೆ ಅಲ್ಲಿಗೆ ಮುಗಿಯಿತು: ಭಾರತದ ಸವಾಲು ಅಂತ್ಯ. ನನಗೆ ಅಲ್ಲಿಂದಾಚೆಗಿನದೇ ಹೆಚ್ಚು ಇಷ್ಟ. ರೋಯಿಂಗ್‌ನಲ್ಲಿ ಸೋತವನನ್ನು ಮನೆಗೆ ಕಳಿಸುವುದಿಲ್ಲ. ಪದಕದ ಆಸೆ ಹೋದ ಮೇಲೂ ಅವನು ತನ್ನ ಸ್ಥಾನವನ್ನು ತೀರ್ಮಾನ ಮಾಡಿಕೊಂಡೇ ಹೋಗಬೇಕು. ಮೊದಲ ಆರು ಸ್ಥಾನಕ್ಕೆ ‘ಎ’ ಫೈನಲ್, ಏಳರಿಂದ ಹನ್ನೆರಡಕ್ಕೆ ‘ಬಿ’, ಹದಿಮೂರರಿಂದ ಹದಿನೆಂಟಕ್ಕೆ ‘ಸಿ’. ಟಿವಿ ತೋರಿಸುವುದಿಲ್ಲ, ಗ್ಯಾಲರಿ ಖಾಲಿ. ಅಂಥ ಕಡೆ ದತ್ತು ಕೆಳಗಿನ ಸ್ಥಾನಗಳ ಸೆಮಿಫೈನಲ್‌ನಲ್ಲಿ ಎರಡನೆಯವರಾಗಿ, ‘ಸಿ’ ಫೈನಲ್‌ನಲ್ಲಿ 6 ನಿಮಿಷ 54.96 ಸೆಕೆಂಡಿನಲ್ಲಿ ಮೊದಲನೆಯವರಾಗಿ ಬಂದರು. ಒಟ್ಟು 13ನೆಯ ಸ್ಥಾನ. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಭಾರತದ ಯಾವ ರೋಯರ್ ಕೂಡ ಅಷ್ಟು ಮೇಲೆ ಹೋಗಿರಲಿಲ್ಲ. ಚಿನ್ನ ಗೆದ್ದ ನ್ಯೂಜಿಲೆಂಡಿನ ಮಾಹೆ ಡ್ರೈಸ್‌ಡೇಲ್ ಅವರ ಕಾಲ 6 ನಿಮಿಷ 41.34. ಕ್ರೊವೇಶಿಯಾದ ದಾಮಿರ್ ಮಾರ್ಟಿನ್ ಅವರದ್ದೂ ಅಷ್ಟೇ, ಫೋಟೋ ನೋಡಿ ಗೆದ್ದವರನ್ನು ಹೇಳಬೇಕಾಯಿತು. ಗಾಳಿ ತಿರುಗಿದರೆ ಕಾಲವೂ ತಿರುಗುತ್ತದೆ, ಬೇರೆ ಬೇರೆ ಓಟಗಳ ಸಮಯ ಹೋಲಿಸಬಾರದು ಎಂದು ಬಲ್ಲವರು ಹೇಳುತ್ತಾರೆ. ಆದರೂ ನಾಲ್ಕು ವರ್ಷದ ಅಭ್ಯಾಸಕ್ಕೂ ಜಗತ್ತಿನ ತುದಿಗೂ ನಡುವೆ ಸುಮಾರು ಹದಿನಾಲ್ಕು ಸೆಕೆಂಡು ಎಂದರೆ ಅದು ಸಣ್ಣ ಮಾತಲ್ಲ.

ಅದೇ ರಿಯೊದಲ್ಲಿ ಈ ಜಿಲ್ಲೆಯ ಇನ್ನೊಬ್ಬರು ಓಡಿದರು. ಸಾವರಪಾಡಾದ ಕವಿತಾ ರಾವುತ್, ಮ್ಯಾರಥಾನ್‌ನಲ್ಲಿ. ‘ಸಾವರಪಾಡಾ ಎಕ್ಸ್‌ಪ್ರೆಸ್’ ಎಂದು ನೀವು ಕೇಳಿಯೇ ಇರುತ್ತೀರಿ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದಲ್ಲಿ ಕಂಚು, ಅದೇ ವರ್ಷ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ. ಆದಿವಾಸಿ ಹಳ್ಳಿಯ ಹುಡುಗಿ, ಇಲ್ಲೇ ನಾಸಿಕದಲ್ಲಿ ವಿಜೇಂದ್ರ ಸಿಂಗ್ ಎಂಬ ತರಬೇತುದಾರರ ಕೈಯಲ್ಲಿ ಪಳಗಿದವರು. ಮೂರನೆಯವರು ಸಾತಾರಾದ ಮಾಣ್ ತಾಲ್ಲೂಕಿನ ಲಲಿತಾ ಬಾಬರ್, 3,000 ಮೀಟರ್ ಸ್ಟೀಪಲ್‌ಚೇಸ್‌ನ ಫೈನಲ್‌ನಲ್ಲಿ ಹತ್ತನೆಯವರು. ಮಾಣ್ ಕೂಡ ಬರಕ್ಕೆ ಹೆಸರಾದ ತಾಲ್ಲೂಕು. ಮೂವರದೂ ಹೆಚ್ಚುಕಡಿಮೆ ಒಂದೇ ಬಗೆಯ ಬಾಲ್ಯ. ಹಾಗಾದರೆ ಬರಗಾಲವೇ ಕ್ರೀಡಾಪಟುಗಳನ್ನು ತಯಾರಿಸುತ್ತದೆಯೇ? ಖಂಡಿತ ಇಲ್ಲ. ಬರ ತಯಾರಿಸುವುದು ವಲಸೆಯನ್ನು, ಸಾಲವನ್ನು. ಅದರ ನಡುವೆ ಯಾರೋ ಒಬ್ಬ ತರಬೇತುದಾರ, ಒಂದು ಹಾಸ್ಟೆಲು, ಒಂದು ರೆಜಿಮೆಂಟು ಕೈ ಚಾಚಿದ ಕಡೆ ಮಾತ್ರ ಒಬ್ಬ ದತ್ತು, ಒಬ್ಬ ಕವಿತಾ.

ಕೈ ಚಾಚಿದ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ. 2018ರ ಏಷ್ಯನ್ ಕ್ರೀಡಾಕೂಟ, ಇಂಡೊನೇಷ್ಯಾದ ಪಾಲೆಂಬಾಂಗ್, ಜಕಬಾರಿಂಗ್ ಸರೋವರ. ದತ್ತು ಅವರ ಮೇಲೆ ಎಲ್ಲರ ಕಣ್ಣಿತ್ತು. ಆಗಸ್ಟ್ 23ರಂದು ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ಅವರು ಎಲ್ಲರಿಗಿಂತ ಹಿಂದೆ ಬಿದ್ದರು. ಮೈಯಲ್ಲಿ ಜ್ವರ. ಆ ದಿನ ಭಾರತದ ದೋಣಿಗಳಿಗೆ ಒಂದೂ ಪದಕವಿಲ್ಲ. ಮರುದಿನ ಬೆಳಿಗ್ಗೆ ಅದೇ ದತ್ತು ನಾಲ್ವರ ದೋಣಿಯಲ್ಲಿ ಕೂತಿದ್ದರು. ಜೊತೆಗೆ ಪಂಜಾಬಿನ ಮಾನಸಾ ಜಿಲ್ಲೆಯ ಸವರ್ಣ್ ಸಿಂಗ್ ಮತ್ತು ಸುಖಮೀತ್ ಸಿಂಗ್, ಮತ್ತೆ ಓಂ ಪ್ರಕಾಶ್. 6 ನಿಮಿಷ 17.13 ಸೆಕೆಂಡು. ಚಿನ್ನ. ಆತಿಥೇಯ ಇಂಡೊನೇಷ್ಯಾ ಮೂರು ಸೆಕೆಂಡಿಗೂ ಹೆಚ್ಚು ಹಿಂದೆ.

ಒಂದೇ ದೇಹ, ಒಂದೇ ಸರೋವರ, ನಡುವೆ ಒಂದು ರಾತ್ರಿ. ಆ ರಾತ್ರಿ ಅವರಲ್ಲಿ ಏನು ಹುಟ್ಟಿತು ಎಂದು ಕೇಳುವ ಬದಲು ಮರುದಿನ ದೋಣಿಯಲ್ಲಿ ಎಷ್ಟು ಜನ ಇದ್ದರು ಎಂದು ನಾನು ನೋಡುತ್ತೇನೆ. ನಾಲ್ವರ ದೋಣಿಯಲ್ಲಿ ಹುಟ್ಟು ಒಟ್ಟಿಗೆ ನೀರಿಗಿಳಿಯಬೇಕು, ಒಟ್ಟಿಗೆ ಏಳಬೇಕು. ಒಬ್ಬ ದಣಿದರೆ ಉಳಿದ ಮೂವರ ಲಯ ಅವನನ್ನು ಎಳೆದುಕೊಂಡು ಹೋಗುತ್ತದೆ, ಅವನಿಗೂ ನಿಲ್ಲಲು ನಾಚಿಕೆಯಾಗುತ್ತದೆ. ಸವರ್ಣ್ ಸಿಂಗ್ ಕೂಡ ಬೆನ್ನುನೋವಿನಿಂದ ಬಹಳ ಕಾಲ ಹೊರಗಿದ್ದು ಮರಳಿದವರು. ನಾಲ್ವರೂ ಸೈನ್ಯದವರು, ನಾಲ್ವರೂ ಹಳ್ಳಿಯವರು.

ಚಿನ್ನದ ಸಂಭ್ರಮ ಆರು ತಿಂಗಳೂ ದಾಟಿತೋ ಇಲ್ಲವೋ, 2019ರ ಮಾರ್ಚಿನಲ್ಲಿ ರೋಯಿಂಗ್ ಫೆಡರೇಷನ್ ದತ್ತು ಅವರ ಮೇಲೆ ಎರಡು ವರ್ಷದ ನಿಷೇಧ ಹಾಕಿತು. ಪಾಲೆಂಬಾಂಗ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ ಬೇಕೆಂದೇ ಮಧ್ಯೆ ಕೈಬಿಟ್ಟರು ಎಂಬುದು ಆರೋಪ. ಮೈ ಸರಿಯಿರಲಿಲ್ಲ ಎಂಬುದು ಅವರ ಉತ್ತರ. 2020ರ ಜನವರಿಯಲ್ಲಿ ಫೆಡರೇಷನ್ ನಿಷೇಧವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ತಯಾರಿ ನಡೆಸಬೇಕಿದ್ದ ಹತ್ತು ತಿಂಗಳು ಕಳೆದಿತ್ತು. ಅದೇ 2020ರಲ್ಲಿ ಸರ್ಕಾರ ಅರ್ಜುನ ಪ್ರಶಸ್ತಿ ಕೊಟ್ಟಿತು. ಯಾರು ಸರಿ ಯಾರು ತಪ್ಪು ಎಂದು ತೀರ್ಪು ಕೊಡಲು ನಾನು ಆ ನೀರಿನ ಮೇಲಿರಲಿಲ್ಲ. ಆದರೆ ಒಂದು ಮಾತು ಕಾಣುತ್ತದೆ. ಕ್ರಿಕೆಟಿಗನೊಬ್ಬನಿಗೆ ಹೀಗಾದರೆ ಸಂಜೆಯ ಟಿವಿ ಚರ್ಚೆ, ವಕೀಲರು, ಅಭಿಮಾನಿಗಳು. ದೋಣಿಗಾರನಿಗೆ ಬೇರೆ ಲೀಗಿಲ್ಲ, ಬೇರೆ ತಂಡವಿಲ್ಲ, ಬೇರೆ ನೀರೂ ಇಲ್ಲ. ಒಂದೇ ಬಾಗಿಲಿನಿಂದ ಒಳಗೆ ಬಂದವನಿಗೆ ಆ ಬಾಗಿಲು ಮುಚ್ಚಿದರೆ ಹೊರಗೇ ನಿಲ್ಲಬೇಕು. ‘ಹಿನ್ನಡೆಯನ್ನು ಮೆಟ್ಟಿ ನಿಲ್ಲುವುದು’ ಎಂದು ಭಾಷಣಗಳಲ್ಲಿ ನಾವು ಹೇಳುವಾಗ ಇಂಥ ಹಿನ್ನಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಡತನವನ್ನು ಮೆಟ್ಟಬಹುದು, ತಾಯಿಯ ಕಾಯಿಲೆಯ ನಡುವೆಯೂ ದೋಣಿ ನಡೆಸಬಹುದು. ಕಾಗದದ ಮೇಲಿನ ಆದೇಶವನ್ನು ತೋಳಿನ ಬಲದಿಂದ ಏನೂ ಮಾಡಲಾಗದು.

ಟೋಕಿಯೊದಲ್ಲಿ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಜೋಡಿ 11ನೆಯ ಸ್ಥಾನಕ್ಕೆ ಬಂದು ದತ್ತು ಅವರ ದಾಖಲೆಯನ್ನು ದಾಟಿತು. 2024ರ ಪ್ಯಾರಿಸ್‌ನಲ್ಲಿ ಹರಿಯಾಣದ ಬಲರಾಜ್ ಪನ್ವರ್ ಸಿಂಗಲ್ ಸ್ಕಲ್ಸ್‌ನಲ್ಲಿ 23ನೆಯವರು. ಇವರೂ ಸೈನ್ಯಕ್ಕೆ ಸೇರಿದ ಮೇಲೆ ದೋಣಿ ಹಿಡಿದವರು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ರೋಯಿಂಗ್‌ನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಕೂಡ ಸೈನಿಕರೇ. ಆ ಒಂದು ಬಾಗಿಲು ಎಷ್ಟು ಒಳ್ಳೆಯದು ಮಾಡಿದೆ ಎಂಬುದಕ್ಕೆ ಇದು ಸಾಕ್ಷಿ. ಬೇರೆ ಬಾಗಿಲು ಎಷ್ಟು ಕಡಿಮೆ ಎಂಬುದಕ್ಕೂ ಸಾಕ್ಷಿ.

ಕೊನೆಗೆ, ಈ ದತ್ತಿಯನ್ನು ಇಟ್ಟವರು ಹೆಣ್ಣುಮಕ್ಕಳ ಓದಿಗೂ ಸಹಾಯ ಮಾಡುತ್ತಿದ್ದಾರೆಂದು ತಿಳಿದು ಇದನ್ನು ಹೇಳಬೇಕೆನಿಸಿತು. ಭಾರತದ ರೋಯರ್‌ಗಳು ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸ್ಪರ್ಧಿಸಿದ್ದು 2000ರ ಸಿಡ್ನಿಯಲ್ಲಿ, ಕಾಸಂ ಖಾನ್ ಮತ್ತು ಇಂದರ್‌ಪಾಲ್ ಸಿಂಗ್. ಅಲ್ಲಿಂದ ಪ್ಯಾರಿಸ್‌ವರೆಗೆ ಪ್ರತಿ ಒಲಿಂಪಿಕ್ಸ್‌ಗೂ ಯಾರಾದರೂ ಹೋಗಿದ್ದಾರೆ. ಅವರಲ್ಲಿ ಒಬ್ಬರೂ ಹೆಂಗಸರಿಲ್ಲ. ಶಕ್ತಿಯಿಲ್ಲದೆ ಅಲ್ಲ. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಡಿಶಾದ ಪ್ರಮಿಳಾ ಪ್ರಭಾ ಮಿಂಜ್ ಮತ್ತು ಪ್ರತಿಮಾ ಪುಹಾನ್ ಜೋಡಿ ದೋಣಿಯಲ್ಲಿ ಕಂಚು ಗೆದ್ದಿದ್ದಾರೆ. ಅವರ ಹಿಂದೆ ಇದ್ದದ್ದು ಒಡಿಶಾದ ಜಗತ್‌ಪುರ, ಕೇರಳದ ಆಲಪ್ಪುಳದಂಥ ಕೆಲವೇ ತರಬೇತಿ ಕೇಂದ್ರಗಳು. ಗಂಡುಹುಡುಗರಿಗೆ ತೆರೆದಿದ್ದ ರೆಜಿಮೆಂಟಿನ ಬಾಗಿಲು ತೀರ ಈಚಿನವರೆಗೆ ಹುಡುಗಿಯರಿಗೆ ಇರಲಿಲ್ಲ. ಚಾಂದವಡದಲ್ಲಿ ಬಾವಿಯ ಕಲ್ಲು ಹೊರುವವರಲ್ಲಿ ಹೆಂಗಸರೂ ಇದ್ದಾರೆ ಎಂಬುದನ್ನು ಆಗ್ರಾ ರಸ್ತೆಯಲ್ಲಿ ಓಡಾಡುವ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಾಥಸಾಗರದಲ್ಲೋ ಗಂಗಾಪುರದಲ್ಲೋ ಅವರ ಮಕ್ಕಳಿಗೆ ನಾಲ್ಕು ದೋಣಿ ಇಡುವ ಕೆಲಸವನ್ನು ಯಾರು ಮಾಡಬೇಕು ಎಂಬುದರ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ಅಧ್ಯಕ್ಷರು ಪ್ರಶ್ನೋತ್ತರಕ್ಕೆ ಸಮಯ ಕೊಟ್ಟಿದ್ದಾರೆ.